ಶಾಕಪ್ ಇಲ್ಲದ ಸೈಕಲ್ಲು, ಗುಡ್ಡದ ದಾರಿ

(ಸುವರ್ಣ ಮಹೋತ್ಸವದ ಎರಡನೇ ದಿನ ಬೆಳಿಗ್ಗೆ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್ ಎಂದು ಅಚ್ಚಾಗಿದೆ. ಅದನ್ನು ನೋಡಿ ಕಂಪ್ಯೂಟರ್ ಬಗ್ಗೆ ಏನೋ ಹೇಳುತ್ತಾನೆ ಎಂದು ಕಾದಿದ್ದರೆ, ಅದಕ್ಕೆ ಮಧ್ಯಾಹ್ನ ಬೇರೆಯವರು ಇದ್ದಾರೆ. ನಾನು ಸೈಕಲ್ ವಿಷಯ ಮಾತಾಡುತ್ತೇನೆ. ಕಳೆದ ಎರಡು ತಿಂಗಳಲ್ಲಿ ಊರಿನ ನಾಲ್ಕು ಮನೆಯವರು ನನಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ನಾನು ಬೆಂಗಳೂರಿನಲ್ಲಿ ಭಾನುವಾರ ಭಾನುವಾರ ಗುಡ್ಡದಲ್ಲಿ ಸೈಕಲ್ ಹೊಡೆಯುತ್ತೇನೆ ಎಂಬ ಸುದ್ದಿ ಅವರಿಗೆ ಹೇಗೋ ತಲುಪಿದೆ. ಪ್ರಶ್ನೆ ಇಷ್ಟೇ: "ಹುಡುಗ ಎಂಟನೇ ಕ್ಲಾಸಿಗೆ ಬಂದ. ಪೇಟೆ ಅಂಗಡಿಯವರು ನಿಮ್ಮ ಗುಡ್ಡದ ದಾರಿಗೆ ಶಾಕಪ್ ಇರೋ ಗೇರ್ ಸೈಕಲ್ಲೇ ಆಗಬೇಕು ಅಂತಾರೆ. ಹನ್ನೆರಡು ಸಾವಿರ. ತಗೊಳ್ಳೋದಾ?"

ಫೋನಿನಲ್ಲಿ ನಾಲ್ಕು ಸಲ ಹೇಳಿದ ಉತ್ತರವನ್ನು ಇವತ್ತು ಎಲ್ಲರ ಮುಂದೆ ಒಂದೇ ಸಲ ಹೇಳಿಬಿಡುತ್ತೇನೆ. ಬೇಡ. ಶಾಕ್ ಅಬ್ಸಾರ್ಬರ್ ಇಲ್ಲದ, ಮುಂದಿನ ಫೋರ್ಕು ನೆಟ್ಟಗೆ ಒಂದೇ ಕಬ್ಬಿಣವಾಗಿರುವ ಸೈಕಲ್ಲು ಈ ಗುಡ್ಡಕ್ಕೆ ಸಾಕು. ಅದರ ಟೈರು ಚೆನ್ನಾಗಿರಬೇಕು, ಬ್ರೇಕು ಹಿಡಿಯಬೇಕು, ಹೊಡೆಯುವವರಿಗೆ ದಾರಿ ಓದಲು ಬರಬೇಕು. ಈ ಮೂರರ ಬಗ್ಗೆಯೇ ನನ್ನ ಮಾತು.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಅದರ ಮರುವರ್ಷ ನಾವು ಎಂಟನೇ ತರಗತಿಗೆ ಬಂದೆವು. ಇದೇ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಕೊಟ್ಟರು. ಗುಡ್ಡದ ಮೇಲಿನ ಮನೆಗಳಿಂದ ಬರುವ ನಾವು ಹನ್ನೊಂದು ಮಂದಿ ಇದ್ದೆವು. ನಾಲ್ಕು ಕಿಲೋಮೀಟರ್ ದಾರಿ. ನಿಮಗೆಲ್ಲ ಗೊತ್ತಿರುವುದೇ: ಮೊದಲು ಜಂಬಿಟ್ಟಿಗೆಯ ಒರಟು ಏರು, ಆಮೇಲೆ ಸೊಪ್ಪಿನಬೆಟ್ಟದೊಳಗೆ ಬೇರು ಎದ್ದ ಕಾಲುದಾರಿ, ಹಳ್ಳದ ಮೇಲೆ ಸಂಕ, ಅದಾದ ಮೇಲೆ ತೋಟದ ಅಗಳಿನ ಪಕ್ಕದಲ್ಲಿ ಒಂದು ಮಾರು ಅಗಲದ ಜಾಗ, ಕೊನೆಗೆ ದರೆ ಕಡಿದು ಮಾಡಿದ ಕಡಿದಾದ ಇಳುಕಲು. ಆ ದಾರಿಯಲ್ಲಿ ನಾವು ಮೂರು ವರ್ಷ ಸರ್ಕಾರದ ಸೈಕಲ್ಲನ್ನೇ ಹೊಡೆದೆವು. ಅದಕ್ಕೆ ಸೀಟಿನ ಕೆಳಗಿನ ಸ್ಪ್ರಿಂಗು ಬಿಟ್ಟರೆ ಬೇರೆ ಯಾವ ಸ್ಪ್ರಿಂಗೂ ಇರಲಿಲ್ಲ. ನಮಗಿಂತ ಹಿರಿಯರು ಅಪ್ಪನ ಕಪ್ಪು ಸೈಕಲ್ಲಿನಲ್ಲಿ ಒಳಪೆಡಲು ಹೊಡೆದುಕೊಂಡು ಇದೇ ದಾರಿಯಲ್ಲಿ ಬಂದವರು. ಅವರಲ್ಲಿ ಕೆಲವರು ಈಗ ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ.

ಬೆಂಗಳೂರಿಗೆ ಹೋದ ಮೇಲೆ ನನಗೆ ತಿಳಿದದ್ದು, ನಾವು ಬಡತನಕ್ಕೆ ಮಾಡಿದ್ದನ್ನು ಜಗತ್ತಿನ ಬೇರೆ ಕಡೆ ಜನ ಆಸೆಪಟ್ಟು ಮಾಡಿದ್ದಾರೆ ಎಂದು. 'ಮೌಂಟನ್ ಬೈಕ್' ಅನ್ನುವ ಸೈಕಲ್ಲಿನ ಜಾತಿ ಹುಟ್ಟಿದ್ದೇ ಶಾಕಪ್ ಇಲ್ಲದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಗುಡ್ಡಗಾಡು ಜಿಲ್ಲೆ ಇದೆ. ಅಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರು ತಾತಂದಿರ ಕಾಲದ, 1930-40ರ ದಶಕದ ದಪ್ಪ ಟೈರಿನ ಹಳೆ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸತೊಡಗಿದರು. ಒಂದೊಂದು ಇಪ್ಪತ್ತು ಕಿಲೋ ತೂಕ. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರೊಂದು ಪಂದ್ಯವನ್ನೇ ಶುರು ಮಾಡಿದರು. ಸುಮಾರು ಎರಡು ಮೈಲಿ ದಾರಿ, 1300 ಅಡಿ ಇಳಿತ. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಬ್ರೇಕು ಇರುವುದು ಹಿಂದಿನ ಚಕ್ರದ ಹಬ್ಬಿನೊಳಗೆ. ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕು. ಅದಕ್ಕೆ ಆ ದಾರಿಗೇ 'ರೀಪ್ಯಾಕ್' ಎಂಬ ಹೆಸರು ಬಂತು, ಮತ್ತೆ ತುಂಬುವುದು ಎಂಬ ಅರ್ಥದಲ್ಲಿ. ಅವರಲ್ಲೊಬ್ಬ ಜೋ ಬ್ರೀಜ್ 1977ರಲ್ಲಿ ಇಂಥ ದಾರಿಗೆಂದೇ ಹೊಸ ಸೈಕಲ್ ಕಟ್ಟಿದ. ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಎಂಬುವರು ಅದನ್ನು ವ್ಯಾಪಾರವಾಗಿ ಬೆಳೆಸಿದರು. ಸೈಕಲ್ಲಿನ ಮುಂದಿನ ಫೋರ್ಕಿಗೆ ಮಾರಾಟಕ್ಕೆ ಸಿಗುವಂಥ ಶಾಕಪ್ಪನ್ನು ರಾಕ್‌ಶಾಕ್ಸ್ ಎಂಬ ಕಂಪನಿ ತಂದದ್ದು 1989ರಲ್ಲಿ. ಅಂದರೆ ಅಲ್ಲಿಯವರೆಗೆ ಹತ್ತು ಹನ್ನೆರಡು ವರ್ಷ ಈ ಆಟ ಬೆಳೆದದ್ದು, ಲಕ್ಷಾಂತರ ಜನ ಬೆಟ್ಟ ಹತ್ತಿ ಇಳಿದದ್ದು, ಶಾಕಪ್ ಇಲ್ಲದ ಸೈಕಲ್ಲಿನ ಮೇಲೆಯೇ.

ಅದಕ್ಕೂ ಎಷ್ಟೋ ಹಿಂದೆ, 1897ರಲ್ಲಿ, ಅಮೆರಿಕ ಸೈನ್ಯದ ಕಪ್ಪು ವರ್ಣದ ಸೈನಿಕರ ಒಂದು ತುಕಡಿ ಮಿಸ್ಸೌಲಾದಿಂದ ಸೇಂಟ್ ಲೂಯಿಸ್‌ವರೆಗೆ ಸುಮಾರು 1900 ಮೈಲಿಯನ್ನು 41 ದಿನಗಳಲ್ಲಿ ಸೈಕಲ್ಲಿನಲ್ಲಿ ಮುಗಿಸಿತು. ಬೆಟ್ಟ, ಕೆಸರು, ಮರಳು, ರೈಲು ಹಳಿ, ಎಲ್ಲದರ ಮೇಲೆ. ಇತಿಹಾಸ ಇಷ್ಟು ಸಾಕು, ಸಮಾಜ ವಿಜ್ಞಾನದ ಮೇಡಂ ಗಡಿಯಾರ ನೋಡುತ್ತಿದ್ದಾರೆ.

ಶಾಕಪ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇಳಿಜಾರಿನ ಸ್ಪರ್ಧೆ ಗೆದ್ದವನ ಸೈಕಲ್ಲಿನಲ್ಲಿ ಶಾಕಪ್ ಇತ್ತು. ಆಮೇಲೆ ಪಂದ್ಯಗಳಲ್ಲಿ ಅದೇ ರೂಢಿಯಾಯಿತು. ನನ್ನ ಜೊತೆ ಭಾನುವಾರ ಬರುವ ಗೆಳೆಯರ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಕಡೆ ಇದೆ. ತುರಹಳ್ಳಿ ಗುಡ್ಡದ ಬಂಡೆಯಿಂದ ಅವರು ಇಳಿದು ನೀರು ಕುಡಿದು ಮುಗಿಸುವ ಹೊತ್ತಿಗೆ ನಾನು ಬರುತ್ತೇನೆ. ಹತ್ತುವಾಗ ಅಷ್ಟು ವ್ಯತ್ಯಾಸವಿಲ್ಲ, ಕೆಲವು ಸಲ ನಾನೇ ಮುಂದೆ. ನನ್ನ ಸೈಕಲ್ಲು ಉಕ್ಕಿನದು, ಫೋರ್ಕೂ ಉಕ್ಕಿನದೇ. ಎರಡು ಗಂಟೆ ಇಳಿದರೆ ಅಂಗೈ ಜೋಮು ಹಿಡಿಯುತ್ತದೆ, ಅದೂ ನಿಜ.

ಆದರೆ ಹನ್ನೆರಡು ಸಾವಿರದ ಸೈಕಲ್ಲಿನಲ್ಲಿ ಬರುವ ಶಾಕಪ್ಪೇ ಬೇರೆ. ಒಳ್ಳೆಯ ಶಾಕಪ್ಪಿನಲ್ಲಿ ಎರಡು ಕೆಲಸ ನಡೆಯುತ್ತದೆ. ಸ್ಪ್ರಿಂಗೋ ಗಾಳಿಯೋ ಏಟನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದು ವಾಪಸು ಏಳುವಾಗ ಎಣ್ಣೆ ಸಣ್ಣ ತೂತುಗಳ ಮೂಲಕ ಹಾದು ಆ ಏಳುವ ವೇಗಕ್ಕೆ ಕಡಿವಾಣ ಹಾಕುತ್ತದೆ. ಅಗ್ಗದ ಶಾಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಪ್ರಿಂಗು ಮಾತ್ರ. ಒತ್ತಿದಷ್ಟೇ ಜೋರಾಗಿ ಅದು ಎದ್ದು ಬರುತ್ತದೆ. ಕಲ್ಲಿನ ಮೇಲೆ ಕಲ್ಲು ಸಿಕ್ಕಾಗ ಮುಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಏರಿನಲ್ಲಿ ನಿಂತು ತುಳಿದರೆ ನಿಮ್ಮ ಸ್ವಲ್ಪ ಶಕ್ತಿ ಸ್ಪ್ರಿಂಗು ಒತ್ತುವುದಕ್ಕೆ ಹೋಗುತ್ತದೆ. ಒಂದು ಕಿಲೋಗೂ ಹೆಚ್ಚು ತೂಕ ಬೇರೆ. ಇನ್ನು ನಮ್ಮ ಮಳೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೆಸರು ನೀರು ಆ ಕೊಳವೆಯೊಳಗೆ ಇಳಿದರೆ ಒಳಗಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಎರಡನೇ ಮಳೆಗಾಲದಲ್ಲಿ ಅದು ಕದಲುವುದಿಲ್ಲ ಅಥವಾ ಲಟಲಟ ಅನ್ನುತ್ತದೆ. ಬಿಚ್ಚಿ ಸರಿ ಮಾಡುವವರು ಪೇಟೆಯಲ್ಲೂ ಇಲ್ಲ. ನಿಜವಾಗಿ ಕೆಲಸ ಮಾಡುವ ಶಾಕಪ್ ಒಂದರ ಬೆಲೆಯೇ ಆ ಇಡೀ ಸೈಕಲ್ಲಿಗಿಂತ ಹೆಚ್ಚು. ಅದೇ ಹಣವನ್ನು ಗಟ್ಟಿ ಫೋರ್ಕಿನ ಸೈಕಲ್ಲಿಗೆ, ದಪ್ಪ ಟೈರಿಗೆ, ಅಲ್ಯೂಮಿನಿಯಂ ರಿಮ್ಮಿಗೆ ಹಾಕಿ. ಇನ್ನೂ ಉಳಿಯುತ್ತದೆ.

ಹಾಗಾದರೆ ಕಲ್ಲಿನ ಏಟು ಎಲ್ಲಿ ಹೋಗಬೇಕು? ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವ ನಮ್ಮ ಅಮ್ಮಂದಿರನ್ನು ನೆನಪಿಸಿಕೊಳ್ಳಿ. ಕಾಲು ಕಲ್ಲಿನಿಂದ ಕಲ್ಲಿಗೆ ಹೋಗುತ್ತಿರುತ್ತದೆ, ಮಂಡಿ ಮಡಚಿ ಬಿಡಿಸಿ ಆಗುತ್ತಿರುತ್ತದೆ, ತಲೆಯ ಮೇಲಿನ ಹೊರೆ ಮಾತ್ರ ತೇಲಿಕೊಂಡು ಬಂದ ಹಾಗೆ ಬರುತ್ತದೆ. ಮೊಣಕಾಲು ಸೆಟೆಸಿದರೆ ಹೊರೆ ಮೊದಲ ಕಲ್ಲಿಗೇ ಉರುಳುತ್ತದೆ. ಸೈಕಲ್ಲಿನ ಮೇಲೂ ಅಷ್ಟೇ. ಇಳುಕಲು ಬಂತೆಂದರೆ ಸೀಟಿನಿಂದ ಎದ್ದು ನಿಲ್ಲಬೇಕು. ಎರಡೂ ಪೆಡಲು ನೆಲಕ್ಕೆ ಸಮಾನಾಂತರವಾಗಿರಬೇಕು, ಒಂದು ಕೆಳಗಿದ್ದರೆ ಅದು ಕಲ್ಲಿಗೆ ಬಡಿಯುತ್ತದೆ. ಮಂಡಿ, ಮೊಣಕೈ ಎರಡೂ ಮಡಚಿರಬೇಕು. ಸೊಂಟ ಸೀಟಿನ ಹಿಂದಕ್ಕೆ. ಹ್ಯಾಂಡಲನ್ನು ಬಿಗಿಯಾಗಿ ಹಿಂಡಬಾರದು, ತುಂಬಿದ ಹಾಲಿನ ತಂಬಿಗೆ ಹಿಡಿದ ಹಾಗೆ ಹಿಡಿಯಬೇಕು. ಆಗ ಕೆಳಗೆ ಸೈಕಲ್ಲು ಕುಣಿದುಕೊಳ್ಳಲಿ, ಮೇಲೆ ನೀವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೀರಿ. ಒಂದು ಅಡಿಯಷ್ಟು ಮಡಚುವ ಕಾಲು ದೇವರು ಕೊಟ್ಟಿದ್ದಾನೆ. ಅಂಗಡಿಯ ಆ ಶಾಕಪ್ ಒತ್ತಿದರೆ ಇಳಿಯುವುದು ಎರಡು ಮೂರು ಇಂಚು.

ಇನ್ನೊಂದು ಶಾಕಪ್ ಟೈರಿನೊಳಗಿನ ಗಾಳಿ. ಎಂಟನೇ ತರಗತಿಯ ವಿಜ್ಞಾನದಲ್ಲಿ ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಓದಿದ್ದೀರಲ್ಲ ಮಕ್ಕಳೇ, ಅದು ಇಲ್ಲಿದೆ. ನಿಮ್ಮ ತೂಕ ಅಷ್ಟೇ ಇದ್ದು ಟೈರಿನೊಳಗಿನ ಒತ್ತಡ ಅರ್ಧ ಮಾಡಿದರೆ, ನೆಲಕ್ಕೆ ತಾಗುವ ರಬ್ಬರಿನ ಜಾಗ ಸುಮಾರು ಎರಡರಷ್ಟಾಗುತ್ತದೆ. ಆ ಮೆತ್ತಗಿನ ರಬ್ಬರು ಸಣ್ಣ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ. ಗಟ್ಟಿ ಟೈರು ಅದೇ ಕಲ್ಲಿನ ಮೇಲೆ ಹತ್ತಿ ಜಿಗಿಯುತ್ತದೆ. ಡಾಂಬರು ರಸ್ತೆಗೆಂದು ಅಂಗಡಿಯಲ್ಲಿ ಕಲ್ಲಿನಂತೆ ಗಾಳಿ ಹೊಡೆಸಿಕೊಂಡು ಗುಡ್ಡಕ್ಕೆ ಬರಬೇಡಿ. ಎರಡು, ಎರಡೂಕಾಲು ಇಂಚು ಅಗಲದ ಟೈರಿನಲ್ಲಿ ನಾನು ಇಪ್ಪತ್ತೈದು ಪೌಂಡಿನ ಆಸುಪಾಸು ಇಟ್ಟುಕೊಳ್ಳುತ್ತೇನೆ, ಹಗುರ ಮೈಯ ಮಕ್ಕಳಿಗೆ ಅದಕ್ಕಿಂತ ಕಡಿಮೆಯೂ ಸಾಕು. ಸರ್ಕಾರದ ಸೈಕಲ್ಲಿನ ಸಣ್ಣ ಟೈರಿಗೆ ಇದು ನಡೆಯುವುದಿಲ್ಲ, ಅದಕ್ಕೆ ಹೆಚ್ಚು ಬೇಕು. ಗಾಳಿ ತೀರಾ ಇಳಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ, ಹಾವು ಕಚ್ಚಿದ ಹಾಗೆ. ಪಂಚರು ಬಿಚ್ಚಿದಾಗ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಮುಂದಿನ ಸಲ ನಾಲ್ಕು ಸಲ ಹೆಚ್ಚು ಪಂಪು ಹೊಡೆಯಿರಿ.

ದಾರಿ ಓದುವುದು ಅಂದೆನಲ್ಲ. ಶಾಕಪ್ ಇರುವವರು ಕಲ್ಲಿನ ಮೇಲೆ ಹೋಗುತ್ತಾರೆ, ನಾವು ಕಲ್ಲುಗಳ ನಡುವೆ ಹೋಗಬೇಕು. ಕಣ್ಣು ಮುಂದಿನ ಚಕ್ರದ ಮೇಲೆ ಇರಬಾರದು, ಹತ್ತು ಹದಿನೈದು ಅಡಿ ಮುಂದೆ ಇರಬೇಕು. ತಪ್ಪಿಸಬೇಕಾದ ಕಲ್ಲನ್ನೇ ನೋಡುತ್ತಾ ಇದ್ದರೆ ಸೈಕಲ್ಲು ಅದಕ್ಕೇ ಹೋಗಿ ಗುದ್ದುತ್ತದೆ. ಕಲ್ಲಿನ ಪಕ್ಕದ ಮಣ್ಣನ್ನು ನೋಡಿ. ನಮ್ಮ ದಾರಿಯ ಬೇರುಗಳು ಬೇಸಿಗೆಯಲ್ಲಿ ತೊಂದರೆ ಕೊಡುವುದಿಲ್ಲ. ಮಳೆಯಲ್ಲಿ ಅವು ಸೋಪು. ಬೇರನ್ನು ಅಡ್ಡಡ್ಡ, ನೇರವಾಗಿ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಬೇರಿನ ಉದ್ದಕ್ಕೂ ಜಾರುತ್ತದೆ. ಬೇರಿನ ಮೇಲೆ ಇರುವಾಗ ಬ್ರೇಕು ಮುಟ್ಟಬಾರದು, ತಿರುಗಿಸಲೂ ಬಾರದು. ದರಗಿನ ಕೆಳಗೆ ಏನಿದೆ ಎಂದು ಕಾಣದಿದ್ದರೆ ನಿಧಾನ. ಸಂಕದ ಮೇಲೆ ಯಾರೇ ಆಗಲಿ ಇಳಿದು ನೂಕಿಕೊಂಡು ಬನ್ನಿ, ಅಲ್ಲಿ ನಿಮ್ಮ ಧೈರ್ಯ ನೋಡುವವರು ಯಾರೂ ಇಲ್ಲ, ಉಂಬಳ ಬಿಟ್ಟರೆ.

ಈಗ ಬ್ರೇಕು. ಇದನ್ನು ದೊಡ್ಡವರು ಗಮನವಿಟ್ಟು ಕೇಳಬೇಕು. "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ" ಎಂದು ನಮಗೆಲ್ಲ ಹೇಳಿಯೇ ಬೆಳೆಸಿದ್ದಾರೆ. ಎಷ್ಟೋ ಮಕ್ಕಳು ಮುಂದಿನ ಬ್ರೇಕಿನ ತಂತಿ ಕಿತ್ತರೂ ಹಾಕಿಸುವುದಿಲ್ಲ. ಇದು ಅಪಾಯ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಇಳುಕಲಲ್ಲಿ ಅದು ಇನ್ನೂ ಹಗುರ. ಹಗುರವಾದ ಚಕ್ರ ಬೇಗ ಲಾಕಾಗಿ ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕಡಿದಾದ ಜಾಗದಲ್ಲಿ ನಿಮ್ಮನ್ನು ನಿಲ್ಲಿಸುವುದು ಮುಖ್ಯವಾಗಿ ಮುಂದಿನ ಬ್ರೇಕೇ. ಪಲ್ಟಿಯಾಗುವುದು ಅದನ್ನು ಒಮ್ಮೆಲೇ ಹಿಂಡಿದಾಗ, ಮೈ ಮುಂದಕ್ಕೆ ಬಂದಿದ್ದಾಗ, ತಿರುವಿನ ಮಧ್ಯೆ ಹಿಡಿದಾಗ. ಸೊಂಟ ಹಿಂದೆ ಇಟ್ಟು, ಒಂದೆರಡು ಬೆರಳಲ್ಲಿ, ನೇರ ದಾರಿಯಲ್ಲಿ, ನಿಧಾನವಾಗಿ ಹಿಡಿದರೆ ಏನೂ ಆಗುವುದಿಲ್ಲ. ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕು ಬಿಡಿ. ಮೈದಾನದಲ್ಲಿ ಹತ್ತು ಸಲ ಅಭ್ಯಾಸ ಮಾಡಿಸಿದರೆ ಬರುತ್ತದೆ. ಪಿ.ಟಿ. ಮೇಷ್ಟ್ರ ಹತ್ತಿರ ಆಗಲೇ ಮಾತಾಡಿದ್ದೇನೆ, ಒಪ್ಪಿದ್ದಾರೆ.

ಮಳೆಗಾಲದ ಮಾತು ಬೇರೆ. ಹೊಳೆಯುವ ಕ್ರೋಮಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಅದರ ಮೇಲೆ ಸುಮ್ಮನೆ ಜಾರುತ್ತದೆ. ಒಣಗಿದಾಗ ಹಿಡಿಯುವ ದೂರದಲ್ಲಿ ಅದು ನಿಲ್ಲುವುದೇ ಇಲ್ಲ. ಅಲ್ಯೂಮಿನಿಯಂ ರಿಮ್ಮು ಎಷ್ಟೋ ಮೇಲು. ಉಕ್ಕಿನ ರಿಮ್ಮಿನ ಸೈಕಲ್ಲಿರುವ ಮಕ್ಕಳು ಮಳೆಯಲ್ಲಿ ದರೆಯ ಇಳುಕಲನ್ನು ಇಳಿದು ನಡೆದೇ ಬರಬೇಕು, ಇದರಲ್ಲಿ ಚರ್ಚೆ ಇಲ್ಲ. ಉಳಿದ ಕಡೆ, ಬ್ರೇಕು ಬೇಕಾಗುವ ಸ್ವಲ್ಪ ಮೊದಲೇ ಹಗುರವಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಪಂಚಾಯ್ತಿಯವರು ಇಲ್ಲೇ ಕೂತಿರುವುದರಿಂದ ಒಂದು ಮಾತು. ಆ ಇಳುಕಲಿಗೆ ಕಾಂಕ್ರೀಟ್ ಹಾಕುವ ಪ್ರಸ್ತಾಪ ಇದೆ ಎಂದು ಕೇಳಿದೆ. ಹಾಕಿ, ಬೇಡ ಅನ್ನುವುದಿಲ್ಲ, ಗರ್ಭಿಣಿಯರನ್ನು ಕುರ್ಚಿಯಲ್ಲಿ ಹೊತ್ತು ಇಳಿಸಿದ ದಾರಿ ಅದು. ಆದರೆ ನುಣ್ಣಗೆ ಎಳೆದರೆ ಎರಡನೇ ಮಳೆಗಾಲಕ್ಕೆ ಪಾಚಿ ಕಟ್ಟಿ ಈಗಿನ ಮಣ್ಣಿಗಿಂತ ಕೆಟ್ಟದಾಗುತ್ತದೆ, ಸೈಕಲ್ಲಿಗೂ ನಡೆಯುವವರಿಗೂ. ಹಸಿ ಇರುವಾಗಲೇ ಅಡ್ಡಗೀರು ಹಾಕಿಸಿ, ಪಕ್ಕದಲ್ಲಿ ಚರಂಡಿ ಬಿಡಿ. ಗೀರು ಹಾಕಲು ಹೆಚ್ಚಿಗೆ ಖರ್ಚಿಲ್ಲ, ಒಂದು ಪೊರಕೆ ಸಾಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ಗುಡ್ಡದ ಮೇಲಿನಿಂದ ಹೈಸ್ಕೂಲಿಗೆ ಬರುವ ಮಕ್ಕಳು ಒಂಬತ್ತು ಮಂದಿ. ಅವರಲ್ಲಿ ಆರು ಜನ ಹುಡುಗಿಯರು. ಹತ್ತನೇ ತರಗತಿಯ ಸಂಜೆ ಕ್ಲಾಸು ಮುಗಿಯುವಾಗ ಬಸ್ಸು ಹೋಗಿರುತ್ತದೆ. ನಡೆದರೆ ಒಂದು ಗಂಟೆ ದಾರಿ, ಡಿಸೆಂಬರಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಕತ್ತಲು. ಅದಕ್ಕೆ ಮೂವರು ಸಂಜೆ ಕ್ಲಾಸನ್ನೇ ಬಿಟ್ಟಿದ್ದಾರೆ ಎಂದು ಗಣಿತದ ಮೇಷ್ಟ್ರು ಹೇಳಿದರು. ಸೈಕಲ್ಲಿದ್ದರೆ ಏರಿನಲ್ಲಿ ನೂಕಿದರೂ ಮೂವತ್ತೈದು ನಿಮಿಷ. ಹಾಗೆಂದು ಅವರ ಮನೆಗಳಲ್ಲಿ ಹನ್ನೆರಡು ಸಾವಿರ ಎಲ್ಲಿಂದ ಬರಬೇಕು? ಇತ್ತ ಶಾಲೆಯ ಹಿಂದಿನ ಉಗ್ರಾಣದಲ್ಲಿ, ಊರಿನ ಕೊಟ್ಟಿಗೆಗಳಲ್ಲಿ, ಅಕ್ಕ ಅಣ್ಣಂದಿರು ಬಿಟ್ಟುಹೋದ ಸೈಕಲ್ಲುಗಳು ಟೈರು ಕೊಳೆತು ನಿಂತಿವೆ. ನಿನ್ನೆ ಸಂಜೆ ನಾವು ನಾಲ್ಕು ಗೆಳೆಯರು ಹೋಗಿ ಎಣಿಸಿದೆವು. ಉಗ್ರಾಣದಲ್ಲೇ ಹದಿನಾಲ್ಕು. ಎಂಟರ ಫ್ರೇಮು, ಫೋರ್ಕು ಗಟ್ಟಿಯಾಗಿವೆ. ಅವಕ್ಕೆ ಶಾಕಪ್ ಇಲ್ಲದಿರುವುದೇ ಒಳ್ಳೆಯದಾಯಿತು. ಇದ್ದಿದ್ದರೆ ಇಷ್ಟು ವರ್ಷಕ್ಕೆ ಗುಜರಿಗೂ ಆಗುತ್ತಿರಲಿಲ್ಲ. ಹೊಸ ಟೈರು, ಟ್ಯೂಬು, ಬ್ರೇಕ್ ರಬ್ಬರು, ತಂತಿ, ಹಬ್ಬಿಗೆ ಹೊಸ ಬಾಲ್ಸು ಮತ್ತು ಗ್ರೀಸು, ಒಂದು ಮುಂದಿನ ಲೈಟು. ಒಂದು ಸೈಕಲ್ಲಿಗೆ ಎರಡು ಸಾವಿರದೊಳಗೆ ಆಗುತ್ತದೆ ಎಂದು ಪೇಟೆಯ ರಿಪೇರಿ ಅಂಗಡಿಯ ಅಣ್ಣ ಲೆಕ್ಕ ಕೊಟ್ಟಿದ್ದಾರೆ. 2010ರ ಎಸ್.ಎಸ್.ಎಲ್.ಸಿ. ತಂಡದವರು ನಾವು ಮೊದಲ ನಾಲ್ಕರ ಖರ್ಚು ಹಾಕಿದ್ದೇವೆ. ಉಳಿದ ತಂಡದವರ ಮುಖ ನೋಡುತ್ತಿದ್ದೇನೆ.

ಗುಡ್ಡದಲ್ಲಿ ಆಟಕ್ಕೆಂದು ಸೈಕಲ್ ಹೊಡೆಯುವ ಹುಡುಗರೂ ಇದ್ದಾರೆ, ಅವರಿಗೆ ಒಂದೆರಡು ಮಾತು. ನಮ್ಮ ಸೊಪ್ಪಿನಬೆಟ್ಟ, ಪರಿಚಯದವರ ತೋಟದ ದಾರಿ ಸರಿ. ರಕ್ಷಿತಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಹೆಲ್ಮೆಟ್ ಇಲ್ಲದೆ ಎಲ್ಲಿಗೂ ಬೇಡ. ಗದಗದ ಹತ್ತಿರ 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆಯಿತು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಮಕ್ಕಳು ಸೈಕಲ್ಲಿನಲ್ಲಿ ರಾಜ್ಯಕ್ಕೆ ಹೆಸರು ತಂದಿದ್ದಾರೆ. ಅವರದು ಬಯಲು ಸೀಮೆ. ನಮ್ಮ ಮನೆ ಬಾಗಿಲಿಗೇ ಗುಡ್ಡ ಇದೆ.

ಊಟಕ್ಕೆ ಇನ್ನು ಅರ್ಧ ಗಂಟೆ ಇದೆ ಎಂದು ಹೆಡ್‌ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ. ಊಟ ಆದ ಮೇಲೆ ಧ್ವಜಸ್ತಂಭದ ಪಕ್ಕದ ನೇರಳೆ ಮರದ ಕೆಳಗೆ ನಾವು ಇರುತ್ತೇವೆ. ಪಂಪು, ಸ್ಪಾನರು, ಬ್ರೇಕ್ ರಬ್ಬರಿನ ಒಂದು ಡಬ್ಬಿ ತಂದಿದ್ದೇವೆ. ಸೈಕಲ್ಲಿನಲ್ಲಿ ಬಂದಿರುವ ಮಕ್ಕಳು ತಂದು ತೋರಿಸಿ. ಮುಂದಿನ ಬ್ರೇಕು ಇಲ್ಲದವರು ಮೊದಲು ಬನ್ನಿ.